ಹಳದಿ ಮೊದಲು, ಕಪ್ಪು ಆಮೇಲೆ

ನಮಸ್ಕಾರ. ನಿಮ್ಮ ಮೂರು ಫೋಟೋಗಳನ್ನೂ ದೊಡ್ಡದು ಮಾಡಿ ನೋಡಿದೆ. ಮೇಜಿನ ಮೇಲೆ ಆಡುವ ನೌಕಾಕದನದ ಆಟಕ್ಕೆ 1/700 ಅಳತೆಯ (ನಿಜದ ಹಡಗಿನ ಏಳುನೂರರಲ್ಲಿ ಒಂದು ಪಾಲು), 74 ತೋಪಿನ ಬ್ರಿಟಿಷ್ ಹಡಗಿನ ಮಾದರಿ, 1805ರ ಟ್ರಫಾಲ್ಗರ್ ಕದನದ ಕಾಲದ ಬಣ್ಣ. ಕಪ್ಪಿನ ಮೇಲೆ ಹಳದಿ ಪಟ್ಟಿ ಎಷ್ಟು ಸಲ ಬಳಿದರೂ ತೇಪೆ ಹಚ್ಚಿದ ಹಾಗೆ ಕಾಣುತ್ತದೆ, ಹಾಯಿಗಳು ಕಾಗದದ ತರಹ ಇವೆ, ಹಗ್ಗ ಕಟ್ಟುವುದು ಯಾವಾಗ ಅಂತ ಕೇಳಿದ್ದೀರಿ. ನಿಮ್ಮ ಕೈಯಲ್ಲಿ ದೋಷವಿಲ್ಲ, ಗೆರೆಗಳು ನೇರವಾಗಿ ಬಂದಿವೆ. ತಪ್ಪಿರುವುದು ಕೆಲಸದ ಸರದಿ.

ಹಳದಿಗೆ ಕೆಳಗಿನ ಬಣ್ಣವನ್ನು ಮುಚ್ಚುವ ಶಕ್ತಿ ಕಡಿಮೆ. ಅದಕ್ಕೇ ಮೊದಲು ಅದು, ಆಮೇಲೆ ಕಪ್ಪು. ತಿಳಿ ಬೂದು ಪ್ರೈಮರ್ (ತಳಬಣ್ಣ) ಒಣಗಿದ ಮೇಲೆ ಹಡಗಿನ ಪಕ್ಕೆಗೆ ಪೂರ್ತಿ ಓಕರ್ ಬಳಿಯಿರಿ. ನಿಂಬೆ ಹಳದಿ ಬೇಡ, ಮಣ್ಣು ಬೆರೆತಂಥ ಹಳದಿ ಬೇಕು. ನೀರಾಗಿಸಿ ಎರಡು ಕೋಟ್. ಆಮೇಲೆ ತೋಪಿನ ಕಿಂಡಿಗಳ ಎರಡು ಸಾಲನ್ನು ಬಿಟ್ಟು ಮೇಲೆ, ಕೆಳಗೆ, ನಡುವೆ ಕಪ್ಪು ತುಂಬಿ. ಅಚ್ಚ ಕಪ್ಪು ಹಾಕಿದರೆ ಇಷ್ಟು ಚಿಕ್ಕ ಮಾದರಿಯಲ್ಲಿ ಎಲ್ಲ ಮುದ್ದೆಯಾಗಿ ಕಾಣುತ್ತದೆ. ಒಂದು ಹನಿ ಕಂದು ಬೆರೆಸಿ, ಕೊನೆಗೆ ಮೇಲಂಚಿಗೆ ಕಡುಬೂದು ಗೆರೆ ಎಳೆಯಿರಿ. ಈಗಿರುವ ಹಡಗಿನ ಬಣ್ಣ ಕಿತ್ತುಹಾಕುವ ಅಗತ್ಯ ಇಲ್ಲ. ಪಟ್ಟಿಯ ಮೇಲೆ ಮೊದಲು ತಿಳಿ ಕಂದು ಹಾಕಿ, ಅದರ ಮೇಲೆ ಓಕರ್ ಹಾಕಿದರೆ ಸರಿಹೋಗುತ್ತದೆ.

ಕಿಂಡಿಯ ಮುಚ್ಚಳಗಳಿಗೆ ಕಪ್ಪು ಬಂದಾಗಲೇ ಆ ಚದುರಂಗದ ಮಣೆಯ ರೂಪ ಸಿಗುವುದು. ಇಲ್ಲಿ ಬ್ರಷ್ ತುದಿಯಿಂದ ಒಂದೊಂದೇ ಚೌಕ ಬರೆಯಲು ಹೋಗಬೇಡಿ. ಬ್ರಷ್‌ಗೆ ಬಣ್ಣ ತೆಗೆದುಕೊಂಡು, ಟಿಶ್ಯೂ ಮೇಲೆ ಒಮ್ಮೆ ಒರೆಸಿ, ಕೂದಲನ್ನು ಅಡ್ಡ ಮಲಗಿಸಿ ಮುಚ್ಚಳದ ಮೇಲೆ ಮೆಲ್ಲಗೆ ಸವರಿ. ಉಬ್ಬಿರುವ ಜಾಗ ಮಾತ್ರ ಬಣ್ಣ ಹಿಡಿಯುತ್ತದೆ, ಅಂಚು ತಾನಾಗಿಯೇ ಚೊಕ್ಕಟವಾಗಿ ಬರುತ್ತದೆ. ಮುಚ್ಚಳ ತೆರೆದಿರುವ ಮಾದರಿಯಾದರೆ ಅದರ ಒಳಮೈ ಕೆಂಪು, ಕಿಂಡಿ ಕಪ್ಪು.

ಎದುರಾಳಿ ಪಡೆಗೂ ಇದೇ ಹಳದಿ-ಕಪ್ಪು ಹಾಕಬೇಕಾಗಿಲ್ಲ. ಸ್ಪೇನಿನ ಸಾಂತಿಸಿಮಾ ತ್ರಿನಿದಾದ್ ಕೆಂಪು ಒಡಲು, ಬಿಳಿ ಗೆರೆಗಳ ಹಡಗು. ಮೇಜಿನ ಮೇಲೆ ಅದೊಂದೇ ಸಾಕು, ಕಣ್ಣು ಅಲ್ಲೇ ನಿಲ್ಲುತ್ತದೆ. ಇನ್ನೊಂದು ಸಣ್ಣ ವಿಷಯ, ನನಗೆ ತುಂಬಾ ಇಷ್ಟವಾದದ್ದು. ಫ್ರೆಂಚ್ ಮತ್ತು ಸ್ಪ್ಯಾನಿಷ್ ಹಡಗುಗಳ ಹಾಯಿಕಂಬದ ಕಬ್ಬಿಣದ ಬಳೆಗಳು ಕಪ್ಪಾಗಿದ್ದವು. ಹೊಗೆಯಲ್ಲಿ ಯಾರು ನಮ್ಮವರು ಅಂತ ತಿಳಿಯಲಿ ಎಂದು ಬ್ರಿಟಿಷ್ ನೌಕಾಪಡೆಯ ಮುಖಂಡ ನೆಲ್ಸನ್ 1805ರ ಟ್ರಫಾಲ್ಗರ್ ಕದನಕ್ಕೆ ಮೊದಲು ತನ್ನ ಹಡಗುಗಳ ಬಳೆಗಳಿಗೆ ಹಳದಿ ಬಳಿಸಿದ. ಆಟದಲ್ಲಿ ನಿಮಗೂ ಅದೇ ಗುರುತು ಉಪಯೋಗಕ್ಕೆ ಬರುತ್ತದೆ.

ಡೆಕ್‌ಗೆ ಕಂದು ಜಾಸ್ತಿ ಬೇಡ. ಕಲ್ಲಿನಿಂದ ಉಜ್ಜಿ, ಬಿಸಿಲಿಗೆ ಬಿಳಚಿದ ಮರ ಅದು. ಮರಳು ಬಣ್ಣ, ಅದರ ಮೇಲೆ ತೆಳು ಕಂದು ವಾಶ್ (ಸಂದುಗಳಿಗೆ ಇಳಿಯುವಷ್ಟು ನೀರಾಗಿಸಿದ ಬಣ್ಣ), ಅಷ್ಟೇ. ಆದರೆ ಕಂಬ ನಿಲ್ಲಿಸುವ ಮೊದಲೇ ಮುಗಿಸಿ. ನನ್ನ ಮೊದಲ ಹಡಗಿನಲ್ಲಿ ಮೂರೂ ಕಂಬ ಅಂಟಿಸಿದ ಮೇಲೆ ಡೆಕ್‌ಗೆ ಕೈ ಹಾಕಿದೆ. ಬ್ರಷ್ ಒಳಗೆ ಹೋಗಲಿಲ್ಲ, ಹಾಯಿ ತೂಗುವ ಎರಡು ಅಡ್ಡಮರ ಮುರಿದವು.

ಈಗ ಹಾಯಿ. ಅಚ್ಚ ಬಿಳಿ ಹಚ್ಚಿದ್ದಕ್ಕೇ ಅವು ಕಾಗದದ ಹಾಗೆ ಕಾಣುತ್ತಿರುವುದು. ಅಗಸೆ ನಾರಿನ ಕ್ಯಾನ್ವಾಸ್ ಅದು, ಸ್ವಲ್ಪ ಮಾಸಲು. ತಿಳಿ ಖಾಕಿ ಬಳಿದು, ಕಂದು ವಾಶ್ ಕೊಟ್ಟು, ಒಣಗಿದ ಮೇಲೆ ಕೆನೆ ಬಣ್ಣದಲ್ಲಿ ಡ್ರೈಬ್ರಷ್ ಮಾಡಿ, ಅಂದರೆ ಬಣ್ಣ ಬಹುಪಾಲು ಒರೆಸಿದ ಬ್ರಷ್ಷನ್ನು ಉಬ್ಬಿನ ಮೇಲೆ ಮೆಲ್ಲಗೆ ಸವರಿ. ಹಿಂಬದಿಯ ಗುಳಿ ಒಂದು ಛಾಯೆ ಗಾಢವಾಗಿರಲಿ, ಆಗ ಗಾಳಿ ತುಂಬಿದ ಹಾಗೆ ಕಾಣುತ್ತದೆ. ಸುಮಾರು 2 ಅಡಿ ಅಗಲದ ಪಟ್ಟಿಗಳನ್ನು ಉದ್ದುದ್ದ ಹೊಲಿದು ಹಾಯಿ ಮಾಡುತ್ತಿದ್ದರು. ನಿಮ್ಮ ಅಳತೆಯಲ್ಲಿ ಅದು 1 ಮಿ.ಮೀ.ಗಿಂತ ಕಡಿಮೆ. ಎಲ್ಲ ಹೊಲಿಗೆ ತೋರಿಸಲು ಹೋದರೆ ಹಾಯಿ ಪೂರ್ತಿ ಗೀಚಿದ ಹಾಗಾಗುತ್ತದೆ. ಚೂಪಾದ ಪೆನ್ಸಿಲ್ಲಿನಲ್ಲಿ ಮೂರಕ್ಕೊಂದು ಗೆರೆ ಸಾಕು.

ಒಡಲು, ಕಂಬ, ಹಾಯಿ ಎಲ್ಲಕ್ಕೂ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಕೊಟ್ಟು ಒಂದು ರಾತ್ರಿ ಬಿಡಿ. ಹಗ್ಗ ಅದಾದ ಮೇಲೆ. 1 ಅಂಗುಲ ದಪ್ಪದ ಹಗ್ಗ 1/700ರಲ್ಲಿ 0.036 ಮಿ.ಮೀ., ಅಂದರೆ ತಲೆಕೂದಲಿಗಿಂತ ತೆಳು. ಅಂಥ ದಾರ ಎಲ್ಲಿಂದ ತರುವುದು, ಅಲ್ವಾ? ಹಾಗಾಗಿ ಎಲ್ಲ ಹಗ್ಗವನ್ನೂ ಕಟ್ಟುವ ಹಟ ಬೇಡ. ಕಂಬವನ್ನು ಹಿಡಿದಿಡುವ ಹಗ್ಗಗಳಿಗೆ ಟಾರು ಬಳಿಯುತ್ತಿದ್ದರು, ಅವು ಕಪ್ಪು-ಕಂದು. ಹಾಯಿ ಎಳೆಯುವ ಹಗ್ಗಗಳು ತಿಳಿ ನಾರಿನ ಬಣ್ಣ. ಮೊದಲನೆಯವನ್ನು ಪೂರ್ತಿ ಕಟ್ಟಿ, ಎರಡನೆಯವುಗಳಲ್ಲಿ ನಾಲ್ಕಾರು ಸಾಕು. ದಾರವನ್ನು ಜೇನುಮೇಣದ ಮೇಲೆ ಎರಡು ಸಲ ಎಳೆದರೆ ಜುಂಗು ಕೂರುತ್ತದೆ. ಮೂತಿಯ ಕಡೆಯಿಂದ ಶುರು ಮಾಡಿ ಹಿಂದಕ್ಕೆ ಬನ್ನಿ, ಸೂಪರ್‌ಗ್ಲೂ ಸೂಜಿ ಮೊನೆಯಷ್ಟೇ. ಜೋರಾಗಿ ಬಿಗಿದರೆ ಕಂಬ ಬಾಗಿ, ಹಿಂದೆ ಕಟ್ಟಿದ ದಾರ ಜೋಲು ಬೀಳುತ್ತದೆ. ಪ್ರತಿ ಸಲ ಹೊಸದು ಕಟ್ಟಿದ ಮೇಲೆ ಹಳೆಯದನ್ನು ಒಮ್ಮೆ ನೋಡಿ.

ಕೊನೆಗೆ ಬಾವುಟ. 1801ಕ್ಕೆ ಮೊದಲಿನ ಕದನ ಆಡುವುದಾದರೆ ಬ್ರಿಟಿಷ್ ಬಾವುಟದ ಯೂನಿಯನ್ ಗುರುತಿನಲ್ಲಿ (ಶಿಲುಬೆಗಳು ಕೂಡಿದ ಚಿಹ್ನೆ) ಕೆಂಪು ಓರೆಪಟ್ಟಿ ಇರಬಾರದು, ಅದು ಐರ್ಲೆಂಡ್ ಸೇರಿದ ಮೇಲೆ ಬಂದದ್ದು. ನಿಮ್ಮ ಎರಡನೇ ಫೋಟೋದಲ್ಲಿ ಹಾಯಿಗಳೆಲ್ಲ ಮುಂದಕ್ಕೆ ಉಬ್ಬಿವೆ, ಬಾವುಟ ಮಾತ್ರ ಹಿಂದಕ್ಕೆ ಹಾರುತ್ತಿದೆ. ಗಾಳಿ ಹಿಂದಿನಿಂದ ಬಂದು ಹಾಯಿಯನ್ನು ತಳ್ಳುವಾಗ ಬಾವುಟವೂ ಅತ್ತಲೇ, ಮುಂದಕ್ಕೇ ಹಾರಬೇಕು. ಕಾಗದದ್ದೇ ಆಗಿದ್ದರೆ ಹೊಸದೊಂದು ಕತ್ತರಿಸಿ, ಫೆವಿಕಾಲ್ ಹಸಿ ಇರುವಾಗಲೇ ಬೆರಳಲ್ಲಿ ಮಡಿಕೆ ಕೊಟ್ಟು, ಮೂತಿಯ ಕಡೆಗೆ ತಿರುಗಿಸಿ ಅಂಟಿಸಿ. ಕತ್ತರಿಸಿದ ಅಂಚಿನ ಬಿಳಿಗೂ ಬಣ್ಣ ತಾಕಿಸಿ.