ಆ ಒಂದು ರಾತ್ರಿಗಾಗಿ ಕಾರು ಕೊಳ್ಳಬೇಕಾ?

ಪ್ರಶ್ನೆ: ನನಗೆ 36 ವರ್ಷ. ದೊಡ್ಡ ನಗರದಲ್ಲಿ ಬಾಡಿಗೆ ಮನೆ. ಹೆಂಡತಿ, ಐದು ವರ್ಷದ ಮಗಳು, 71 ವರ್ಷದ ಅಮ್ಮ ಜೊತೆಗಿದ್ದಾರೆ. ನಾವಿಬ್ಬರೂ ಮೆಟ್ರೋದಲ್ಲಿ ಕೆಲಸಕ್ಕೆ ಹೋಗುತ್ತೇವೆ, ಮಗಳ ಶಾಲೆ ನಡೆದು ಹೋಗುವಷ್ಟು ಹತ್ತಿರ. ಎರಡು ತಿಂಗಳ ಹಿಂದೆ ರಾತ್ರಿ ಒಂದೂವರೆಗೆ ಅಮ್ಮನಿಗೆ ಇದ್ದಕ್ಕಿದ್ದಂತೆ ಉಸಿರಾಡಲು ಕಷ್ಟವಾಯಿತು. ಟ್ಯಾಕ್ಸಿ ಬುಕ್ ಮಾಡಿದೆ, ಕ್ಯಾನ್ಸಲ್ ಆಯಿತು. ಮತ್ತೆ ಮಾಡಿದೆ, ಮತ್ತೆ ಕ್ಯಾನ್ಸಲ್. ಒಂದು ಕೈಯಲ್ಲಿ ಅಮ್ಮನ ಬೆನ್ನು ನೀವುತ್ತಾ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು 25 ನಿಮಿಷ ಬಾಗಿಲಲ್ಲಿ ನಿಂತಿದ್ದೆ. ಅಮ್ಮ ಈಗ ಹುಷಾರಾಗಿದ್ದಾರೆ. ಮಂಡಿ ನೋವು ಮೊದಲಿನಿಂದಲೂ ಇದೆ, ತಿಂಗಳಿಗೆ ಎರಡು ಸಾರಿ ಆಸ್ಪತ್ರೆಗೆ ಹೋಗಬೇಕು. ನಾನು ಕಾರು ಬುಕ್ ಮಾಡಿ ಮುಂಗಡ ಕೊಟ್ಟಿದ್ದೇನೆ. ಹೆಂಡತಿಗೆ ಆಮೇಲೆ ಹೇಳಿದೆ. ‘ಸಾಲ ಬೇಡ, ನಿಲ್ಲಿಸಲು ಜಾಗವೂ ಇಲ್ಲ’ ಎಂದಳು. ‘ನಿನ್ನ ಅಮ್ಮ ಆಗಿದ್ದರೆ ಹೀಗೆ ಹೇಳುತ್ತಿದ್ದೆಯಾ?’ ಎಂದುಬಿಟ್ಟೆ. ಅವತ್ತಿನಿಂದ ಮಾತು ಕಡಿಮೆ. ಲೈಸೆನ್ಸ್ ಇದೆ, ಆದರೆ ಓಡಿಸಿ ಎಂಟು ವರ್ಷವಾಯಿತು. ತಿಂಗಳ ಕೊನೆಗೆ ಉಳಿದ ಹಣ ಕಟ್ಟಬೇಕು. ನಾನು ಮಾಡಿದ್ದು ತಪ್ಪಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಾರಿ ಓದಿದೆ. ಕಾರಿನ ಬಗ್ಗೆ ಕೇಳಿದ್ದೀರಿ, ಆದರೆ ಪತ್ರದ ತುಂಬಾ ಇರುವುದು ಆ 25 ನಿಮಿಷ. ಅಮ್ಮನ ಉಸಿರು ಏರುತ್ತಿರುವಾಗ ಫೋನಿನಲ್ಲಿ ಬರುವ ‘ಕ್ಯಾನ್ಸಲ್’ ಎನ್ನುವ ಪದ ಎಷ್ಟು ಕ್ರೂರ ಅಂತ ಅದನ್ನು ನೋಡಿದವರಿಗೇ ಗೊತ್ತು. ಆ ರಾತ್ರಿ ನಿಮ್ಮನ್ನು ಇನ್ನೂ ಬಿಟ್ಟಿಲ್ಲ. ಹಾಗಾಗಿ ಮೊದಲು ಅದರ ಬಗ್ಗೆಯೇ ಮಾತಾಡೋಣ.

ಆ ರಾತ್ರಿ ನಿಮ್ಮ ಬಳಿ ಕಾರು ಇತ್ತು ಅಂದುಕೊಳ್ಳಿ. ಎಂಟು ವರ್ಷ ಸ್ಟಿಯರಿಂಗ್ ಮುಟ್ಟಿಲ್ಲ. ಕೈ ನಡುಗುತ್ತಿದೆ. ಹಿಂದಿನ ಸೀಟಿನಲ್ಲಿ ಅಮ್ಮ ಏದುಸಿರು ಬಿಡುತ್ತಿದ್ದಾರೆ. ನೀವು ರಸ್ತೆ ನೋಡಬೇಕಾ, ಅಮ್ಮನನ್ನು ನೋಡಬೇಕಾ? ಅವರು ದಾರಿಯಲ್ಲಿ ಪ್ರಜ್ಞೆ ತಪ್ಪಿದ್ದರೆ ಗಾಡಿ ಪಕ್ಕಕ್ಕೆ ಹಾಕಿ ಮತ್ತೆ ಫೋನನ್ನೇ ಹಿಡಿಯಬೇಕಾಗಿತ್ತು. ಅವತ್ತು ಬೇಕಾಗಿದ್ದದ್ದು ಆಂಬ್ಯುಲೆನ್ಸ್. ಅದರಲ್ಲಿ ಆಮ್ಲಜನಕ ಇರುತ್ತದೆ, ರೋಗಿಯನ್ನು ನೋಡಿಕೊಳ್ಳಲು ಬೇರೆ ಒಬ್ಬರಿರುತ್ತಾರೆ, ಆಸ್ಪತ್ರೆಗೆ ಮೊದಲೇ ಸುದ್ದಿ ಮುಟ್ಟಿಸಬಹುದು. ಭಯದಲ್ಲಿ ಕೈ ದಿನಾ ಬಳಸುವ ಟ್ಯಾಕ್ಸಿ ಆ್ಯಪಿಗೇ ಹೋಯಿತು. ಎಲ್ಲರ ಕೈಯೂ ಹಾಗೆಯೇ ಹೋಗುತ್ತದೆ. ಅದಕ್ಕಾಗಿ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಬೇಡ.

ಇದಕ್ಕೆ ಈ ವಾರವೇ ಮಾಡಬಹುದಾದ ಕೆಲಸಗಳಿವೆ. ತುರ್ತು ನಂಬರನ್ನು ಬಾಗಿಲ ಒಳಬದಿಗೆ ದಪ್ಪ ಅಕ್ಷರದಲ್ಲಿ ಅಂಟಿಸಿ. ಬಹಳಷ್ಟು ದೇಶಗಳಲ್ಲಿ ಅದು 112. ನಿಮ್ಮಲ್ಲಿ ಆಂಬ್ಯುಲೆನ್ಸಿಗೆ ಬೇರೆ ನಂಬರಿದ್ದರೆ ಅದನ್ನೂ ಬರೆಯಿರಿ. ಹತ್ತಿರದಲ್ಲಿ ರಾತ್ರಿ ಪೂರ್ತಿ ತುರ್ತು ವಿಭಾಗ ತೆರೆದಿರುವ ಆಸ್ಪತ್ರೆ ಯಾವುದು ಅಂತ ಈಗಲೇ ಹೋಗಿ ಕೇಳಿ. ಅಮ್ಮನ ಮಾತ್ರೆಗಳ ಹೆಸರು, ಅಲರ್ಜಿ, ಹಳೆಯ ರಿಪೋರ್ಟು ಎಲ್ಲ ಒಂದೇ ಚೀಲದಲ್ಲಿರಲಿ. ಯಾವ ಲಕ್ಷಣ ಕಂಡರೆ ಕಾಯದೆ ಫೋನ್ ಮಾಡಬೇಕು ಅಂತ ಮುಂದಿನ ಭೇಟಿಯಲ್ಲಿ ಡಾಕ್ಟರನ್ನು ಕೇಳಿ. ಕಾರಿರುವ ಒಬ್ಬ ನೆರೆಯವರನ್ನೂ ಕೇಳಿಡಿ: ‘ರಾತ್ರಿ ಏನಾದರೂ ಬೇಕಾದರೆ ನಿಮ್ಮನ್ನು ಎಬ್ಬಿಸಬಹುದಾ?’ ಇಂಥ ಮಾತಿಗೆ ಇಲ್ಲ ಎನ್ನುವವರು ತೀರಾ ಕಡಿಮೆ.

ಇನ್ನು ತಿಂಗಳಿಗೆ ಎರಡು ಸಾರಿಯ ಆಸ್ಪತ್ರೆ. ಇಲ್ಲಿ ನನ್ನ ಮನೆಯ ಕಥೆ ಹೇಳುತ್ತೇನೆ.

ಅಪ್ಪನಿಗೆ ಆಪರೇಷನ್ ಆದ ಮೇಲೆ ನಾವು ಕಾರು ತೆಗೆದುಕೊಂಡೆವು. ಎಂಟು ವರ್ಷ ಇಟ್ಟುಕೊಂಡಿದ್ದೆವು. ಮೊದಲ ಸಾರಿ ಆಸ್ಪತ್ರೆಗೆ ಹೋದಾಗ ಬಾಗಿಲಲ್ಲಿ ಗಾಡಿ ನಿಲ್ಲಿಸಿದೆ. ಅಪ್ಪ ಇನ್ನೂ ಒಂದು ಕಾಲು ಹೊರಗಿಟ್ಟಿದ್ದಾರೆ, ಅಷ್ಟರಲ್ಲೇ ಹಿಂದಿನ ಗಾಡಿಯ ಹಾರನ್. ಕಾವಲುಗಾರ ‘ಬೇಗ ತೆಗೀರಿ’ ಎಂದ. ಅಪ್ಪನನ್ನು ಕಂಬದ ಪಕ್ಕ ನಿಲ್ಲಿಸಿ ಪಾರ್ಕಿಂಗ್ ಹುಡುಕಲು ಹೋದೆ. ನೆಲಮಾಳಿಗೆ ತುಂಬಿತ್ತು. ಒಂದು ಸುತ್ತು ಹಾಕಿ ಹೊರಗೆ ಬಂದು, ಎರಡು ರಸ್ತೆ ಆಚೆ ಜಾಗ ಸಿಕ್ಕಿ, ಓಡಿ ಬರುವಷ್ಟರಲ್ಲಿ 20 ನಿಮಿಷವಾಗಿತ್ತು. ಅಪ್ಪ ಅದೇ ಕಂಬ ಹಿಡಿದುಕೊಂಡು ನಿಂತಿದ್ದರು. ಕೂರಲು ಜಾಗ ಹುಡುಕಿಕೊಂಡು ಹೋದರೆ ನನಗೆ ಕಾಣದೆ ಹೋಗಬಹುದು ಅಂತ ಅಲ್ಲೇ ನಿಂತಿದ್ದರಂತೆ. ಆ ಬೆರಳುಗಳು ಕಂಬವನ್ನು ಒತ್ತಿ ಹಿಡಿದು ಬೆಳ್ಳಗಾಗಿದ್ದವು. ಟ್ಯಾಕ್ಸಿಯಲ್ಲಿ ಹೋಗಿದ್ದರೆ ಇಬ್ಬರೂ ಒಟ್ಟಿಗೆ ಇಳಿಯುತ್ತಿದ್ದೆವು. ನನ್ನ ತೋಳು ಅವರಿಗೆ ಸಿಗುತ್ತಿತ್ತು. ಓಡಿಸುವವನೂ ಆಸರೆಯಾಗುವವನೂ ಒಬ್ಬನೇ ಆದರೆ ಬಾಗಿಲಲ್ಲಿ ಹೀಗಾಗುತ್ತದೆ. ಕಾರು ಕೊಳ್ಳುವಾಗ ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ನಿಮಗೆ ಬೇಕಾಗಿರುವುದು ಕಾಯುವ ಗಾಡಿ. ಆಸ್ಪತ್ರೆಯ ದಿನ ಮೊದಲೇ ಗೊತ್ತಿರುತ್ತದೆ ಅಲ್ವಾ? ಆ ದಿನಕ್ಕೆ ಡ್ರೈವರ್ ಸಮೇತ ಅರ್ಧ ದಿನದ ಬಾಡಿಗೆಗೆ ಗಾಡಿ ಹೇಳಿ. ಸೀಟು ಸ್ವಲ್ಪ ಎತ್ತರ ಇರುವ ಗಾಡಿಯೇ ಬೇಕು ಅಂತ ಕೇಳಿ, ತಗ್ಗಿನ ಸೀಟಿನಿಂದ ಏಳುವಾಗಲೇ ಮಂಡಿಗೆ ಜಾಸ್ತಿ ಹೊರೆ ಬೀಳುವುದು. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ. ಅಮ್ಮ ಮೊದಲು ಹಿಂದೆ ತಿರುಗಿ ಸೀಟಿನ ಮೇಲೆ ಕೂರಲಿ, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತರಲಿ. ಒಂದು ಕಾಲು ಒಳಗಿಟ್ಟು ಅದರ ಮೇಲೆ ಭಾರ ಹಾಕಿ ತಿರುಗುವುದು ಬೇಡ. ಇದನ್ನು ಮನೆ ಮುಂದೆ ಎರಡು ಸಾರಿ ಸಾವಕಾಶವಾಗಿ ಮಾಡಿ ನೋಡಿ.

ಈಗ ಜಾಗದ ಮಾತು. ಹೆಂಡತಿ ಹೇಳಿದ ಈ ಒಂದು ವಿಷಯವನ್ನು ನೀವು ಪತ್ರದಲ್ಲಿ ಅರ್ಧ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ನನ್ನ ಲೆಕ್ಕದಲ್ಲಿ ಮೊದಲ ಪ್ರಶ್ನೆಯೇ ಅದು. ಜಪಾನಿನ ಹೆಚ್ಚಿನ ಕಡೆ ಕಾರು ನೋಂದಣಿ ಆಗಬೇಕಾದರೆ ಮನೆಯಿಂದ 2 ಕಿಲೋಮೀಟರ್ ಒಳಗೆ ಅದಕ್ಕೆ ನಿಲ್ಲುವ ಜಾಗವಿದೆ ಅಂತ ಪೊಲೀಸರಿಂದ ಪ್ರಮಾಣಪತ್ರ ತರಬೇಕು. ಈ ಕಾನೂನು 1962ರಿಂದ ಇದೆ. ಜಾಗ ಮೊದಲು, ಕಾರು ಆಮೇಲೆ. ನಿಮ್ಮಲ್ಲಿ ಅಂಥ ಕಾನೂನು ಇರಲಿ ಬಿಡಲಿ, ಮನೆಯಲ್ಲಿ ಈ ನಿಯಮ ಇಟ್ಟುಕೊಳ್ಳಿ. ದಿನಕ್ಕೆ ಒಂದು ಗಂಟೆ ಓಡುವ ಕಾರೂ ಉಳಿದ 23 ಗಂಟೆ ಎಲ್ಲಾದರೂ ನಿಂತಿರಲೇಬೇಕು. ನಿಮ್ಮದು ವಾರಕ್ಕೆ ಒಂದು ದಿನ ಓಡಿದರೆ ಹೆಚ್ಚು.

ಜಾಗ ಇಲ್ಲದ ಕಡೆ ಇನ್ನೊಂದು ಆಗುತ್ತದೆ. ಮನೆ ಮುಂದೆ ಹೇಗೋ ಜಾಗ ಸಿಕ್ಕಿದರೆ ಅದನ್ನು ಬಿಟ್ಟು ಹೋಗಲು ಮನಸ್ಸೇ ಬರುವುದಿಲ್ಲ. ‘ಈಗ ಗಾಡಿ ತೆಗೆದರೆ ವಾಪಸ್ ಬಂದಾಗ ಯಾರೋ ನಿಲ್ಲಿಸಿರುತ್ತಾರೆ’ ಅನ್ನುವ ಚಿಂತೆ. ನಾವೂ ಎಷ್ಟೋ ಸಾರಿ ಕಾರನ್ನು ಅಲ್ಲೇ ಬಿಟ್ಟು ಟ್ಯಾಕ್ಸಿಯಲ್ಲಿ ಹೋಗಿದ್ದೇವೆ. ಹಾಗೆ ಮೂರು ವಾರ ನಿಂತಿದ್ದ ಗಾಡಿ, ಅಪ್ಪನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕಾದ ಬೆಳಿಗ್ಗೆಯೇ ಕೈಕೊಟ್ಟಿತು. ಕೀಲಿ ತಿರುಗಿಸಿದರೆ ಬರೀ ಟಿಕ್ ಟಿಕ್ ಟಿಕ್. ಅಪ್ಪ ತೊಡೆ ಮೇಲೆ ಫೈಲು ಇಟ್ಟುಕೊಂಡು ಆಗಲೇ ಒಳಗೆ ಕೂತಿದ್ದರು. ಸುಮ್ನೆ ನಿಂತಿದ್ದರೂ ಲಾಕು, ಅಲಾರಂ, ಗಡಿಯಾರ ಎಲ್ಲ ಬ್ಯಾಟರಿಯನ್ನು ಸ್ವಲ್ಪ ಸ್ವಲ್ಪವೇ ಹೀರುತ್ತಿರುತ್ತವೆ. ಅದು ಮತ್ತೆ ತುಂಬಬೇಕಾದರೆ ಗಾಡಿ ಒಂದಿಷ್ಟು ದೂರ ಓಡಬೇಕು. ಬ್ಯಾಟರಿ ಹಳೆಯದಾದಷ್ಟೂ ಬೇಗ ಕೈ ಎತ್ತುತ್ತದೆ. ತುರ್ತಿಗೆ ಅಂತ ಇಟ್ಟ ಕಾರು ತುರ್ತಿಗೇ ಏಳದೆ ಹೋಗುವುದು ಹೀಗೆ.

ಹಣದ ಮಾತನ್ನು ಬೇಗ ಮುಗಿಸುತ್ತೇನೆ, ನಿಮ್ಮ ಲೆಕ್ಕ ನಿಮಗೇ ಗೊತ್ತು. ಪೆಟ್ರೋಲಿನ ಖರ್ಚು ಓಡಿಸಿದರೆ ಮಾತ್ರ. ಸಾಲದ ಕಂತು, ವಿಮೆ, ಸರ್ವೀಸು, ಪಾರ್ಕಿಂಗ್ ಬಾಡಿಗೆ ಇವೆಲ್ಲ ನಿಂತಿದ್ದರೂ ಹೋಗುತ್ತಲೇ ಇರುತ್ತವೆ. ಜೊತೆಗೆ ಹೊಸ ಕಾರಿನ ಬೆಲೆ ಸಾಮಾನ್ಯವಾಗಿ ಐದು ವರ್ಷಕ್ಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಇದನ್ನೆಲ್ಲ ಕೂಡಿಸಿ ಒಂದು ವರ್ಷಕ್ಕೆ ಎಷ್ಟು ಅಂತ ಬರೆಯಿರಿ. ಎರಡು ಆಸ್ಪತ್ರೆ ಭೇಟಿ, ಎರಡು ಭಾನುವಾರದ ತಿರುಗಾಟ ಅಂತ ಹಿಡಿದರೆ ತಿಂಗಳಿಗೆ ನಾಲ್ಕು ಸಾರಿ, ವರ್ಷಕ್ಕೆ 48. ಒಟ್ಟು ಮೊತ್ತವನ್ನು 48ರಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಟ್ಯಾಕ್ಸಿಯ ಬಾಡಿಗೆ ಪಕ್ಕ ಇಟ್ಟು ನೋಡಿ.

ನಾನು ಕಾರಿನ ವಿರೋಧಿ ಅಂದುಕೊಳ್ಳಬೇಡಿ. ಅಮ್ಮನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಇದ್ದಿದ್ದರೆ ‘ಇವತ್ತೇ ಕೊಳ್ಳಿ’ ಎನ್ನುತ್ತಿದ್ದೆ. ಅವರು ಗಾಲಿಕುರ್ಚಿಯಲ್ಲಿ ಓಡಾಡುವವರಾಗಿದ್ದರೆ, ಪ್ರತಿ ಸಾರಿ ಹೊಸ ಡ್ರೈವರಿಗೆ ಕುರ್ಚಿ ಮಡಚುವುದನ್ನು ಹೇಳಿಕೊಡುವ ಸುಸ್ತು ನನಗೂ ಅರ್ಥವಾಗುತ್ತದೆ. ನಿಮ್ಮಲ್ಲಿ ಒಬ್ಬರಿಗೆ ರಾತ್ರಿ ಪಾಳಿ ಇದ್ದರೆ, ಮನೆ ಹತ್ತಿರ ಮೆಟ್ರೋ ಬಸ್ಸು ಯಾವುದೂ ಬರದಿದ್ದರೆ, ಆಗಲೂ ಲೆಕ್ಕ ಬೇರೆ. ಮಗಳ ವಿಷಯದಲ್ಲಿ ಸ್ವಂತ ಕಾರಿಗೆ ಒಂದು ನಿಜವಾದ ಅನುಕೂಲವಿದೆ. ಎತ್ತರ 135 ಸೆಂಟಿಮೀಟರ್ ದಾಟುವವರೆಗೆ ಮಕ್ಕಳು ಅವರಿಗಾಗಿಯೇ ಮಾಡಿದ ಸೀಟಿನಲ್ಲಿ ಕೂರುವುದು ಒಳ್ಳೆಯದು. ಬಾಡಿಗೆ ಗಾಡಿಯಲ್ಲಿ ಅದು ಸಿಗುವುದು ಕಷ್ಟ. ಹಗುರವಾದ ಬೂಸ್ಟರ್ ಸೀಟು ಒಂದನ್ನು ಕೊಂಡರೆ ನೀವೇ ಎತ್ತಿಕೊಂಡು ಹೋಗಬಹುದು.

ಓಡಿಸುವ ಆಸೆಯೇ ಇದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ಅದೇನೂ ತಪ್ಪಲ್ಲ. ಆದರೆ ಅದನ್ನು ಅಮ್ಮನ ಹೆಸರಿನಲ್ಲಿ ಹೇಳಬೇಡಿ. ಹಾಗೆ ಹೇಳಿದರೆ ಹೆಂಡತಿ ಬೇಡ ಎನ್ನುವ ಒಂದೊಂದು ಸಾರಿಯೂ ಅತ್ತೆಗೆ ಎದುರು ನಿಂತಂತೆ ಕಾಣುತ್ತದೆ.

ನನ್ನ ಅಭಿಪ್ರಾಯ ಇಷ್ಟು: ಈಗ ಕೊಳ್ಳಬೇಡಿ. ಮೂರು ತಿಂಗಳು ಹೀಗೆ ಮಾಡಿ. ಕಂತಿಗೆ ಕಟ್ಟುತ್ತಿದ್ದ ಅಷ್ಟೂ ಹಣವನ್ನು ತಿಂಗಳ ಮೊದಲ ದಿನವೇ ಬೇರೆ ಖಾತೆಗೆ ಹಾಕಿ. ಅದರಿಂದ ಟ್ಯಾಕ್ಸಿಗೆ ಧಾರಾಳವಾಗಿ ಖರ್ಚು ಮಾಡಿ. ಕೈ ಬಿಗಿ ಹಿಡಿಯಬೇಡಿ, ಅಮ್ಮ ಬೇಡ ಬೇಡ ಎಂದರೂ ಕೇಳಬೇಡಿ. ಭಾನುವಾರ ಎಲ್ಲಾದರೂ ಹೋಗಬೇಕೆನಿಸಿದರೆ ನೀವೇ ಓಡಿಸುವ ಬಾಡಿಗೆ ಕಾರು ತನ್ನಿ. ಅದಕ್ಕೂ ಮೊದಲು ಹತ್ತು ದಿನ ತರಬೇತಿಗೆ ಹೋಗಿ ಕೈ ಪಳಗಿಸಿಕೊಳ್ಳಿ. ಒಂದು ಕಾರನ್ನು ಹತ್ತಾರು ಮನೆಯವರು ಹಂಚಿಕೊಳ್ಳುವ ಪದ್ಧತಿ ಹೊಸದೇನೂ ಅಲ್ಲ. ಸ್ವಿಟ್ಜರ್ಲೆಂಡಿನಲ್ಲಿ 1987ರಲ್ಲೇ ಜನ ಸಹಕಾರ ಸಂಘ ಕಟ್ಟಿಕೊಂಡು ಇದನ್ನು ಶುರು ಮಾಡಿದರು. ಪ್ರತಿ ಓಡಾಟವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಎಲ್ಲಿಗೆ, ಎಷ್ಟು ಕಾದೆವು, ಎಷ್ಟು ಕೊಟ್ಟೆವು, ಎಲ್ಲಿ ತೊಂದರೆಯಾಯಿತು. ಮೂರು ತಿಂಗಳಾದ ಮೇಲೆ ಆ ಖಾತೆಯಲ್ಲಿ ಹಣ ಉಳಿದಿದ್ದರೆ ಅದು ಅಮ್ಮನ ತುರ್ತು ನಿಧಿ. ಹಣ ಸಾಲದೆ ಹೋಗಿ ನೋಟ್‌ಬುಕ್ಕಿನ ತುಂಬಾ ತೊಂದರೆಗಳೇ ಇದ್ದರೆ, ಪಾರ್ಕಿಂಗ್ ಜಾಗವನ್ನು ಬಾಡಿಗೆಗೆ ಹಿಡಿದು, ಹೆಚ್ಚು ಓಡಿರದ ಒಂದು ಹಳೆಯ ಕಾರು ನೋಡಿ. ಆಗ ನಾನೂ ಬೇಡ ಎನ್ನುವುದಿಲ್ಲ.

ಈ ಲೆಕ್ಕದಲ್ಲಿ ಇನ್ನೂ ಒಬ್ಬರ ಮಾತು ಬಂದಿಲ್ಲ. ಕಾರು ಅಮ್ಮನಿಗಾಗಿ ಅಂತೀರಿ. ಅಮ್ಮನನ್ನು ಕೇಳಿದ್ದೀರಾ? ಪತ್ರದಲ್ಲಿ ಎಲ್ಲೂ ಇಲ್ಲ. ಆ ರಾತ್ರಿ ಅವರಿಗೆ ಹೇಗನಿಸಿತು, ಈಗ ಯಾವುದಕ್ಕೆ ಭಯ ಅಂತ ಕೇಳಿ. ವಯಸ್ಸಾದವರಿಗೆ ಕೆಲವೊಮ್ಮೆ ದಾರಿಗಿಂತ ಮನೆಯ ಮೆಟ್ಟಿಲು ಇಳಿಯುವುದೇ ದೊಡ್ಡ ಕಷ್ಟ. ಹಾಗಿದ್ದರೆ ನೆಲಮಹಡಿಯ ಮನೆಗೋ ಲಿಫ್ಟ್ ಇರುವ ಮನೆಗೋ ಹೋಗುವುದು ಯಾವ ಕಾರಿಗಿಂತಲೂ ಜಾಸ್ತಿ ಉಪಕಾರ.

ನೀವು ಕೇಳಿದಿರಿ, ತಪ್ಪು ಮಾಡಿದೆನಾ ಅಂತ. ಅಮ್ಮನಿಗಾಗಿ ಹೆದರಿದ್ದು ತಪ್ಪಲ್ಲ. ಹೇಳದೆ ಮುಂಗಡ ಕೊಟ್ಟಿದ್ದು ತಪ್ಪು, ಏಕೆಂದರೆ ಆ ಕಂತು ಇಬ್ಬರ ಸಂಬಳದಿಂದಲೂ ಹೋಗುತ್ತದೆ. ಅದಕ್ಕಿಂತ ನೋಯಿಸಿರುವುದು ‘ನಿನ್ನ ಅಮ್ಮ ಆಗಿದ್ದರೆ’ ಎಂಬ ಮಾತು. ಅವರು ನಿಮ್ಮ ಅಮ್ಮನನ್ನು ಬೇಡ ಅನ್ನಲಿಲ್ಲ, ಸಾಲ ಬೇಡ ಅಂದರು. ನೀವು ಬಾಗಿಲಲ್ಲಿ ಫೋನ್ ಹಿಡಿದು ನಿಂತಿದ್ದಾಗ ಆ ಮನೆಯಲ್ಲಿ ಎದ್ದಿದ್ದವರು ನೀವೊಬ್ಬರೇ ಆಗಿರಲಿಕ್ಕಿಲ್ಲ. ಮಗಳನ್ನು ನೋಡಿಕೊಂಡವರು ಯಾರು? ನೀವು ಆಸ್ಪತ್ರೆಯಿಂದ ಬರುವವರೆಗೆ ಅವರು ಆ ರಾತ್ರಿಯನ್ನು ಹೇಗೆ ಕಳೆದರು ಅಂತ ಒಂದು ಸಾರಿ ಕೇಳಿ ನೋಡಿ.

ಬುಕಿಂಗ್ ರಸೀದಿಯ ಹಿಂದೆ ರದ್ದು ಮಾಡುವ ಷರತ್ತು ಇರುತ್ತದೆ, ಓದಿ. ಸ್ವಲ್ಪ ಹಣ ಹಿಡಿದುಕೊಂಡರೂ ವರ್ಷಗಟ್ಟಲೆ ಕಂತಿಗಿಂತ ಅದು ಚಿಕ್ಕ ನಷ್ಟ. ತಿಂಗಳ ಕೊನೆಯವರೆಗೆ ಕಾಯಬೇಡಿ, ನಾಳೆ ಬೆಳಿಗ್ಗೆಯೇ ಫೋನ್ ಮಾಡಿ. ಇವತ್ತು ರಾತ್ರಿ ಮಗಳು ಮಲಗಿದ ಮೇಲೆ ಆ ರಸೀದಿಯನ್ನು ಹೆಂಡತಿಯ ಮುಂದಿಟ್ಟು, ಮೊದಲು ಆ ಮಾತಿಗೆ ಕ್ಷಮೆ ಕೇಳಿ.