ನಡುವೆ ತೂರಿಸುವ ಮಾತು ಎಲ್ಲಿ ಕೂರಬೇಕು?

ಪ್ರಶ್ನೆ: ಆಫೀಸಿನಲ್ಲಿ ದಿನಾ ಇಂಗ್ಲಿಷ್ ಮೇಲ್ ಬರೆಯಬೇಕು. ಒಬ್ಬರ ಬಗ್ಗೆ ಚೂರು ಜಾಸ್ತಿ ವಿವರ ಸೇರಿಸಲು ಹೋದರೆ ಅರ್ಥವೇ ಕೆಡುತ್ತದೆ. ‘ದಿ ಕ್ಯಾಷಿಯರ್ ಗೇವ್ ದಿ ಫೈಲ್ ಟು ದಿ ಆಡಿಟರ್, ಎ ನ್ಯೂ ರಿಕ್ರೂಟ್’ ಅಂತ ಬರೆದೆ. ಹೊಸದಾಗಿ ಸೇರಿದ್ದು ಕ್ಯಾಷಿಯರ್, ಆದರೆ ಎಲ್ಲರೂ ಆಡಿಟರ್ ಅಂದುಕೊಂಡರು. ಎಲ್ಲಿ ತಪ್ಪಿತು?
— ಓದುಗರು, ದಾವಣಗೆರೆ

ಉತ್ತರ: ಓದಿದವರ ತಪ್ಪಲ್ಲ ಬಿಡಿ. ಇಂಗ್ಲಿಷ್‌ನಲ್ಲಿ ಇಂಥ ತುಣುಕು ಪಕ್ಕದಲ್ಲಿ ಯಾರು ಸಿಕ್ಕರೋ ಅವರಿಗೇ ಅಂಟಿಕೊಳ್ಳುತ್ತದೆ. ‘ದಿ ಕ್ಯಾಷಿಯರ್, ಎ ನ್ಯೂ ರಿಕ್ರೂಟ್, ಗೇವ್ ದಿ ಫೈಲ್...’ ಅಂತ ಬರೆಯಿರಿ, ಸರಿಹೋಗುತ್ತದೆ. ನಮಗೆ ತೊಡಕಾಗುವುದು ಯಾಕೆ ಅಂದರೆ, ಕನ್ನಡದಲ್ಲಿ ‘ಹೊಸದಾಗಿ ಸೇರಿದ ಕ್ಯಾಷಿಯರ್’ ಅಂತ ವಿವರವನ್ನು ಮೊದಲೇ ಹೇಳಿ ಮುಗಿಸುತ್ತೇವೆ, ಇಂಗ್ಲಿಷ್‌ನಲ್ಲಿ ಕ್ಯಾಷಿಯರ್ ಮೊದಲು ಬಂದುಬಿಡುತ್ತಾನೆ, ವಿವರ ನೆನಪಾಗುವಷ್ಟರಲ್ಲಿ ವಾಕ್ಯ ಮುಗಿದಿರುತ್ತದೆ, ಕೊನೆಗೆ ಬಾಲ ಅಂಟಿಸುತ್ತೇವೆ.

ಕಾಮಾ ಎರಡೂ ಬೇಕು. ಒಂದನ್ನೇ ಹಾಕಿ ಇನ್ನೊಂದನ್ನು ಮರೆಯುವವರೇ ಜಾಸ್ತಿ. ಎರಡು ಕಾಮಾಗಳ ನಡುವಿನದನ್ನು ಎತ್ತಿ ತೆಗೆದು ಓದಿ. ಉಳಿದ ವಾಕ್ಯ ನಿಂತರೆ, ನೀವು ಹೇಳಬೇಕೆಂದಿದ್ದನ್ನೇ ಹೇಳಿದರೆ, ಜಾಗ ಸರಿ ಇದೆ.

ಇದು ಬರೀ ವ್ಯಾಕರಣದ ಮೇಷ್ಟರ ತಕರಾರು ಅಂದುಕೊಳ್ಳಬೇಡಿ. ಕೆನಡಾದಲ್ಲಿ ರೋಜರ್ಸ್ ಎಂಬ ಕೇಬಲ್ ಕಂಪನಿ, ಅಲಿಯಂಟ್ ಎಂಬ ಟೆಲಿಫೋನ್ ಕಂಪನಿಯ ಕಂಬಗಳನ್ನು ಬಳಸಲು 2002ರಲ್ಲಿ ಒಪ್ಪಂದ ಮಾಡಿಕೊಂಡಿತ್ತು. ಒಪ್ಪಂದ 5 ವರ್ಷ ಇರುತ್ತದೆ, ಆಮೇಲೆ ಐದೈದು ವರ್ಷ ಮುಂದುವರಿಯುತ್ತದೆ, ಒಂದು ವರ್ಷ ಮುಂಚೆ ನೋಟಿಸ್ ಕೊಟ್ಟು ರದ್ದು ಮಾಡದಿದ್ದರೆ. ಇದು ಆ ಸಾಲಿನ ತಿರುಳು. ‘ಆಮೇಲೆ ಐದೈದು ವರ್ಷ’ ಎಂಬ ಭಾಗದ ಎರಡೂ ಕಡೆ ಕಾಮಾ ಇತ್ತು. ಅದನ್ನು ಎತ್ತಿ ತೆಗೆಯಿರಿ: ನೋಟಿಸ್‌ನ ಮಾತು ನೇರವಾಗಿ ಮೊದಲ 5 ವರ್ಷಕ್ಕೇ ತಗುಲುತ್ತದೆ! ಅಲಿಯಂಟ್ ಇದನ್ನೇ ಹಿಡಿದುಕೊಂಡು ಅವಧಿಗೆ ಮುಂಚೆಯೇ ರದ್ದು ಮಾಡಲು ಹೊರಟಿತು. 2006ರಲ್ಲಿ ಅಲ್ಲಿನ ದೂರಸಂಪರ್ಕ ನಿಯಂತ್ರಣ ಆಯೋಗ ಎರಡನೇ ಕಾಮಾ ನೋಡಿ ಅಲಿಯಂಟ್ ಪರ ನಿಂತಿತು. ಮರುವರ್ಷ ಒಪ್ಪಂದದ ಮಾದರಿಯ ಫ್ರೆಂಚ್ ಪಠ್ಯ ನೋಡಿ, ಅದರಲ್ಲಿ ಗೊಂದಲವೇ ಇಲ್ಲ ಅಂತ ರೋಜರ್ಸ್ ಕಡೆಗೆ ತಿರುಗಿತು. ಪುಣ್ಯಕ್ಕೆ ಕೆನಡಾದಲ್ಲಿ ಎರಡು ಅಧಿಕೃತ ಭಾಷೆಗಳಿವೆ.

ಕಾಮಾ ಬೇಕೇ ಬೇಡವೇ ಅನ್ನುವುದೂ ಅರ್ಥ ಬದಲಿಸುತ್ತದೆ. ‘ಮೈ ಬ್ರದರ್, ಹೂ ಲಿವ್ಸ್ ಇನ್ ಮೈಸೂರು, ಈಸ್ ಎ ಡಾಕ್ಟರ್’ ಅಂದರೆ ನಿಮಗೆ ಒಬ್ಬನೇ ತಮ್ಮ, ಅವನು ಮೈಸೂರಿನಲ್ಲಿರುವುದು ಸುಮ್ನೆ ಹೇಳಿದ ಮಾತು. ಕಾಮಾ ತೆಗೆದರೆ ಬೇರೆ ಊರಲ್ಲೂ ತಮ್ಮಂದಿರಿದ್ದಾರೆ ಅಂತಾಗುತ್ತದೆ. ನಮ್ಮ ‘ಮೈಸೂರಿನಲ್ಲಿರುವ ತಮ್ಮ’ ಎರಡಕ್ಕೂ ಆಗುತ್ತದೆ, ಅಲ್ವಾ? ಹಾಗಾಗಿಯೇ ಈ ಕಾಮಾ ನಮ್ಮ ಕೈಗೆ ಬೇಗ ಬರುವುದಿಲ್ಲ.

‘ಐ ಥಿಂಕ್’, ‘ಹೌಎವರ್’ ಥರದವು ಸ್ವಲ್ಪ ಅಲೆಮಾರಿಗಳು. ‘ರಮೇಶ್, ಐ ಥಿಂಕ್, ಪೇಯ್ಡ್ ದಿ ಬಿಲ್’ ಅಂದರೆ ಒತ್ತು ರಮೇಶನ ಮೇಲೆ. ಕೊನೆಗೆ ಹಾಕಿದರೆ ಹೇಳಿದ ಮೇಲೆ ಬಂದ ಅನುಮಾನ. ‘ಪೇಯ್ಡ್’ ಮತ್ತು ‘ದಿ ಬಿಲ್’ ನಡುವೆ ಮಾತ್ರ ತೂರಿಸಬೇಡಿ, ಓದುವವರು ಎಡವುತ್ತಾರೆ.

ಇನ್ನು ವಿವರ ಏಳೆಂಟು ಪದ ದಾಟುವಂತಿದ್ದರೆ ನಡುವೆ ತುರುಕಲೇಬೇಡಿ. ‘ದಿ ಕ್ಯಾಷಿಯರ್ ಜಾಯಿನ್ಡ್ ಲಾಸ್ಟ್ ವೀಕ್’ ಅಂತ ಬೇರೆ ವಾಕ್ಯ ಬರೆದರಾಯಿತು. ಮೇಲ್‌ನಲ್ಲಿ ಒಂದು ಫುಲ್‌ಸ್ಟಾಪ್ ಜಾಸ್ತಿಯಾದರೆ ಯಾರೂ ಬೈಯುವುದಿಲ್ಲ.