ನಿಮಗೆ ಬೇಡ ಅನ್ನಿಸಿದ್ದು ಸರಿಯಾಗಿಯೇ ಇದೆ

ಎರಡು ತಿಂಗಳ ಮಗುವಿಗೆ ನೀರು ಕುಡಿಸು ಅಂತ ಅತ್ತೆ ಹೇಳ್ತಾರೆ, ನನಗೆ ಬೇಡ ಅನ್ನಿಸುತ್ತೆ, ಮನಸ್ಸಿನ ಮಾತು ನಂಬಲಾ ಅಂತ ಕೇಳಿದ್ದೀರಿ. ನಂಬಿ. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು. ಬೆಂಗಳೂರಿನ ಏಪ್ರಿಲ್ ಬಿಸಿಲಲ್ಲೂ ನೀರು ಬೇಕಿಲ್ಲ, ಹಾಲಿನಲ್ಲಿರುವುದು ಬಹುಪಾಲು ನೀರೇ ಅಲ್ವಾ! ದಿನಕ್ಕೆ 6 ಸಲವಾದರೂ ಚೆನ್ನಾಗಿ ಉಚ್ಚೆ ಮಾಡುತ್ತಾ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ.

ನನ್ನ ಮಗಳು 40 ದಿನದವಳಿದ್ದಾಗ ಒಂದು ರಾತ್ರಿ ಹಾಲು ಬೇಡ ಅಂತ ಮುಖ ತಿರುಗಿಸಿದಳು. ಅಳಲೂ ಇಲ್ಲ. ದೃಷ್ಟಿಯಾಗಿದೆ ಅಂತ ಅಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿದರು. ದಿನಾ ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿಯುವ ಕೂಸಿನ ಕೈ ಅವತ್ತು ಸುಮ್ನೆ ಜಾರಿತು. ನನ್ನ ಎದೆ ಧಸಕ್ಕೆಂದಿತು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 101.2. ಮೂರು ತಿಂಗಳೊಳಗಿನ ಮಗುವಿಗೆ ಜ್ವರ 100.4 ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬಾರದು. ಜಯನಗರದಿಂದ ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಮೂತ್ರದ ಸೋಂಕು. ಐದು ದಿನ ಅಲ್ಲೇ ಇದ್ದು ಹುಷಾರಾಗಿ ಬಂದಳು.

ಒಂದು ಮಾತು. ಏನೋ ಸರಿಯಿಲ್ಲ ಅನ್ನಿಸಿದರೆ ಆ ಅನುಮಾನವನ್ನು ನಂಬಿ, ತಕ್ಷಣ ತೋರಿಸಿ. ಆದರೆ ಏನೂ ಆಗಿಲ್ಲ ಅಂತ ಮನಸ್ಸು ಹೇಳಿದರೂ, ಜ್ವರ ಇದ್ದರೆ, ಉಸಿರಾಟ ಜೋರಾಗಿದ್ದರೆ, ಹಾಲು ಬಿಟ್ಟರೆ ಡಾಕ್ಟರ ಹತ್ತಿರ ಹೋಗಲೇಬೇಕು.

ಅತ್ತೆ ಜೊತೆ ವಾದ ಬೇಡ. ಮುಂದಿನ ಲಸಿಕೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ನೀರಿನ ವಿಷಯ ಅವರೇ ಡಾಕ್ಟರನ್ನು ಕೇಳಲಿ. ನಮ್ಮ ಮನೆಯಲ್ಲಿ ಹಾಗೇ ಬಗೆಹರಿಯಿತು.